ತಿರುಗುವ ಮೊದಲು ನಿಲ್ಲಲು ಕಲಿಯಲಿ

ಕೊಯ್ಲು ಮುಗಿದ ಗದ್ದೆಯಲ್ಲಿ ಕಬಡ್ಡಿ ಅಂಕಣ ಎದ್ದಿತೆಂದರೆ ನಮ್ಮ ಕಾಸರಗೋಡಿನ ಹುಡುಗರಿಗೆ ಮನೆಯ ನೆನಪಿರುವುದಿಲ್ಲ. ಗಂಡಸರ ಅಂಕಣದ ಉದ್ದ 13 ಮೀಟರ್, ಅಗಲ 10 ಮೀಟರ್. ಅದರ ಅರ್ಧದೊಳಗೆ ರೈಡರ್ 30 ಸೆಕೆಂಡಿನಲ್ಲಿ ನುಗ್ಗಿ, ಮುಟ್ಟಿ, ಏಳು ಜನರ ಕೈತಪ್ಪಿಸಿ ಮರಳಬೇಕು. ಇಲ್ಲಿ ನೇರ ಓಟದ ವೇಗಕ್ಕಿಂತ ಥಟ್ಟನೆ ನಿಂತು ದಿಕ್ಕು ಬದಲಿಸುವ ಶಕ್ತಿಯೇ ಮುಖ್ಯ.

ಮೊಣಕಾಲು ಕೆಡುವುದೂ ಆ ಗಳಿಗೆಯಲ್ಲೇ. ಯಾರಾದರೂ ಮೇಲೆ ಬಿದ್ದರೆ ಮಾತ್ರ ಪೆಟ್ಟಾಗುತ್ತದೆಂದು ನಾವು ತಿಳಿದಿದ್ದೇವೆ. ಆದರೆ ಪಾದ ನೆಲಕ್ಕೆ ಕಚ್ಚಿ, ಮೊಣಕಾಲು ಒಳಕ್ಕೆ ವಾಲಿ, ದೇಹ ತಿರುಗಿದರೆ ಯಾರೂ ಮುಟ್ಟದೆಯೇ ಒಳಗಿನ ಅಸ್ಥಿರಜ್ಜು ಹರಿಯಬಹುದು. ಹುಡುಗಿಯರಲ್ಲಿ ಈ ಅಪಾಯ ಇನ್ನೂ ಹೆಚ್ಚು. ‘ಪಟ್’ ಎಂದ ಸದ್ದು, ಕೆಲವೇ ಗಂಟೆಗಳಲ್ಲಿ ಬಾವು ಕಂಡರೆ ಎಣ್ಣೆ ತಿಕ್ಕಿ ಮರುವಾರ ಆಡಿಸುವುದು ಬೇಡವೇ ಬೇಡ. ಮೂಳೆ ವೈದ್ಯರಲ್ಲಿಗೆ ಹೋಗಿ. ಶಸ್ತ್ರಚಿಕಿತ್ಸೆಯಾದರೆ ಮೈದಾನಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು.

ಇದನ್ನು ಬಹುಮಟ್ಟಿಗೆ ತಡೆಯಬಹುದು. ಮೊದಲು ಬಲ, ಆಮೇಲೆ ಜಿಗಿತ. ಬಸ್ಕಿ, ಒಂಟಿ ಕಾಲಿನಲ್ಲಿ ಮೆಟ್ಟಿಲು ಹತ್ತಿ ನಿಧಾನವಾಗಿ ಇಳಿಯುವುದು, ಮಂಡಿಯೂರಿ ಕುಳಿತು ಗೆಳೆಯನಿಂದ ಹಿಮ್ಮಡಿ ಹಿಡಿಸಿಕೊಂಡು ಬೆನ್ನು ನೇರವಾಗಿಟ್ಟು ಮುಂದಕ್ಕೆ ವಾಲುವುದು – ಇವಕ್ಕೆ ಕಾಸು ಖರ್ಚಿಲ್ಲ. ಕೊನೆಯದು ಹಿಂತೊಡೆಗೆ, ಓಟವನ್ನು ತಡೆದು ನಿಲ್ಲಿಸುವಲ್ಲಿ ಆ ಸ್ನಾಯುವಿನ ಪಾಲು ದೊಡ್ಡದು.

ಕೆಲವು ವಾರ ಕಳೆದ ಮೇಲೆ ಜಿಗಿತ. ಎಳೆದ ರಬ್ಬರು ಹಿಂದಕ್ಕೆ ಚಿಮ್ಮುವಂತೆ, ಹಿಗ್ಗಿದ ಸ್ನಾಯು ಕೂಡಲೇ ಕುಗ್ಗಿದರೆ ಹೆಚ್ಚಿನ ಬಲ ಬರುತ್ತದೆ. 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್ಸ್ಕಿ ಬೆಳೆಸಿದ ಈ ಬಗೆಯ ಅಭ್ಯಾಸಕ್ಕೆ ಇಂದು ಪ್ಲಯೊಮೆಟ್ರಿಕ್ ಎನ್ನುತ್ತಾರೆ. ನಮ್ಮ ಮಕ್ಕಳು ಗಿಡ್ಡ ಮೆಟ್ಟಿಲಿನಿಂದ ಇಳಿದು, ಮೊಣಕಾಲು ಮಡಚಿ, ಸದ್ದಾಗದಂತೆ ನೆಲ ಮುಟ್ಟುವುದರಿಂದ ಆರಂಭಿಸಲಿ. ಧಪ್ ಎಂದು ಬೀಳುವವನು ಇನ್ನೂ ಎತ್ತರಕ್ಕೆ ಹೋಗಬಾರದು. ಅಡ್ಡ ಜಿಗಿತ, ಒಂಟಿ ಕಾಲಿನ ಜಿಗಿತ ಕೊನೆಗೆ. ವಾರಕ್ಕೆ ಎರಡು ದಿನ ಸಾಕು. ನಡುವೆ 48 ಗಂಟೆಯಾದರೂ ಬಿಡುವಿರಲಿ.

ಫುಟ್ಬಾಲಿಗಾಗಿ ಫಿಫಾ 2006ರಲ್ಲಿ ಇಂಥದೇ 20 ನಿಮಿಷಗಳ ಕ್ರಮವೊಂದನ್ನು ರೂಪಿಸಿತು. ಅದನ್ನು ತಪ್ಪದೆ ಮಾಡಿದ ನಾರ್ವೆಯ ಹುಡುಗಿಯರಲ್ಲಿ ಗಂಭೀರ ಪೆಟ್ಟುಗಳು ಕಡಿಮೆಯಾದುದನ್ನು 2008ರ ಅಧ್ಯಯನ ತೋರಿಸಿತು.

ಹಗಲಿಡೀ ಅಡಿಕೆ ಗೊನೆ ಹೊತ್ತು ದಣಿದ ಕಾಲನ್ನು ಮಾತ್ರ ಸಂಜೆ ಜಿಗಿಸಬೇಡಿ. ಅಂದು ಗಂಜಿಯ ಜೊತೆ ಒಂದಿಷ್ಟು ಹೆಚ್ಚೇ ಹುರುಳಿ ಬಡಿಸಿ, ಬೇಗ ಮಲಗಿಸಿ.