ಉಗಿಬಂಡಿಯ ಊರುಗಳಿಗೆ ಬೆಳಕು ಹಿಡಿದವನು

ಅಮೆರಿಕದ ವರ್ಜೀನಿಯಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಬ್ಲೂ ರಿಜ್ ಬೆಟ್ಟಸಾಲಿಗೆ ಅಂಟಿಕೊಂಡಂತೆ ರೋನೋಕ್ ಎಂಬ ಪಟ್ಟಣವಿದೆ. 1882ರವರೆಗೆ ಇದರ ಹೆಸರು ಬಿಗ್ ಲಿಕ್. ಹೇಳಿಕೊಳ್ಳುವಂಥ ಊರೇನೂ ಅಲ್ಲ. ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ರೈಲ್ವೆ ಕಂಪನಿ ಇಲ್ಲಿ ನೆಲೆಯೂರಿ ಕಾರ್ಯಾಗಾರ ಕಟ್ಟಿದ ಮೇಲೆ ಊರಿನ ದೆಸೆಯೇ ಬದಲಾಯಿತು. ಬೆಟ್ಟಗಳ ಗಣಿಯಿಂದ ಕಲ್ಲಿದ್ದಲನ್ನು ಬಂದರಿಗೆ ಸಾಗಿಸುವುದು ಕಂಪನಿಯ ಕಸುಬು. ಅದನ್ನು ಎಳೆಯುವ ಎಂಜಿನ್‌ಗಳು ತಯಾರಾಗುತ್ತಿದ್ದದ್ದು ರೋನೋಕ್‌ನಲ್ಲೇ.

ಆ ಕಂಪನಿಯ ಹಳೆಯ ಪ್ರಯಾಣಿಕರ ನಿಲ್ದಾಣ ಈಗ ವಸ್ತುಸಂಗ್ರಹಾಲಯ. ಶೆಲ್ ಕಂಪನಿಯ ಲಾಂಛನ ರೂಪಿಸಿದ ಪ್ರಖ್ಯಾತ ವಿನ್ಯಾಸಕಾರ ರೇಮಂಡ್ ಲೋವಿ 1949ರಲ್ಲಿ ಹೊಸ ರೂಪ ಕೊಟ್ಟ ಕಟ್ಟಡವಿದು. 2004ರ ಜನವರಿಯಲ್ಲಿ ಇಲ್ಲಿ ಓ. ವಿನ್‌ಸ್ಟನ್ ಲಿಂಕ್ ಮ್ಯೂಸಿಯಂ ಬಾಗಿಲು ತೆರೆಯಿತು. ಒಬ್ಬನೇ ಛಾಯಾಗ್ರಾಹಕನಿಗೆ ಮೀಸಲಾದ ಮ್ಯೂಸಿಯಂಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಗೋಡೆಯ ಮೇಲಿರುವುದು 1955ರಿಂದ 1960ರವರೆಗೆ ಈ ರೈಲುದಾರಿಯ ಅಕ್ಕಪಕ್ಕದ ಊರುಗಳಲ್ಲಿ ಆತ ತೆಗೆದ ಚಿತ್ರಗಳು. ಬಹುಪಾಲು ಕಪ್ಪು-ಬಿಳುಪು, ಹೆಸರಾದವೆಲ್ಲ ಹೆಚ್ಚಾಗಿ ರಾತ್ರಿಯವು.

ಲಿಂಕ್ ಬೆಟ್ಟದ ಕಡೆಯವರಲ್ಲ. 1914ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಸಿವಿಲ್ ಎಂಜಿನಿಯರಿಂಗ್ ಓದಿ, ಜಾಹೀರಾತು ಕಂಪನಿಗಳಿಗೆ ಫೋಟೋ ತೆಗೆದು ಬದುಕಿದವರು. 1955ರ ಜನವರಿಯಲ್ಲಿ ಅಂಥದೇ ಕೆಲಸದ ಮೇಲೆ ವರ್ಜೀನಿಯಾದ ಸ್ಟಾಂಟನ್‌ಗೆ ಬಂದಾಗ, ಹತ್ತಿರದ ವೇನ್ಸ್‌ಬರೋ ನಿಲ್ದಾಣದಲ್ಲಿ ಇನ್ನೂ ಉಗಿ ಎಂಜಿನ್ ಓಡುತ್ತಿರುವುದನ್ನು ಕಂಡರು. ದೇಶದ ಉಳಿದ ದೊಡ್ಡ ರೈಲ್ವೆಗಳು ಡೀಸೆಲ್‌ಗೆ ಹೊರಳುತ್ತಿದ್ದ ಕಾಲವದು. ಕಲ್ಲಿದ್ದಲೇ ಜೀವಾಳವಾಗಿದ್ದ ಈ ಕಂಪನಿ ಮಾತ್ರ ಉಗಿಯನ್ನು ಬಿಟ್ಟಿರಲಿಲ್ಲ. ಅದಕ್ಕೂ ಹೆಚ್ಚು ದಿನ ಉಳಿದಿಲ್ಲವೆಂದು ಲಿಂಕ್‌ಗೆ ತಿಳಿಯಿತು. ಕಂಪನಿಯ ಅನುಮತಿ ಪಡೆದು, ತಮ್ಮದೇ ಕೈಯಿಂದ ದುಡ್ಡು ಹಾಕಿ ಕೆಲಸ ಶುರುಮಾಡಿದರು. 1960ರ ಮೇ ತಿಂಗಳಲ್ಲಿ ಉಗಿ ಎಂಜಿನ್‌ಗಳು ನಿಲ್ಲುವ ಹೊತ್ತಿಗೆ ಸುಮಾರು 2,400 ಚಿತ್ರಗಳಾಗಿದ್ದವು.

ರಾತ್ರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಹಗಲಲ್ಲಿ ಬಿಸಿಲು ತನಗೆ ಬೇಕಾದ ಕಡೆಯಿಂದ ಬೀಳುತ್ತದೆ, ಹಳಿಯನ್ನು ಸರಿಸಲೂ ಆಗದು. ಕತ್ತಲಲ್ಲಾದರೆ ಬೆಳಕು ಎಲ್ಲಿ ಬೀಳಬೇಕೆಂಬುದು ಪೂರ್ತಿ ತೆಗೆಯುವವನ ಕೈಯಲ್ಲಿ. ಬೇಡದ್ದು ತಾನಾಗಿಯೇ ಮರೆಯಾಗುತ್ತದೆ, ಬಿಳಿ ಉಗಿ ಎದ್ದು ಕಾಣುತ್ತದೆ. ಕಾರಣ ಸರಳವಾದರೂ ಕೆಲಸ ಸರಳವಲ್ಲ. ಆಗಿನ ಫ್ಲ್ಯಾಶ್ ಬಲ್ಬು ಒಮ್ಮೆ ಉರಿದರೆ ಮುಗಿಯಿತು, ಬಿಸಾಡಬೇಕು. ಅಂಥ ಹತ್ತಾರು ಬಲ್ಬುಗಳನ್ನು ಮರ, ಮನೆ, ಕಂಬ, ಹಳಿಯ ಬದಿ ಎಲ್ಲೆಡೆ ಹೊಂದಿಸಿ, ಉದ್ದಕ್ಕೆ ತಂತಿ ಎಳೆದು, ಒಂದೇ ಸಾಲಿನಲ್ಲಿ ಜೋಡಿಸುತ್ತಿದ್ದರು. ಒಂದು ಕಡೆ ತಂತಿ ಕಡಿದರೂ ಯಾವ ಬಲ್ಬೂ ಹೊತ್ತಿಕೊಳ್ಳುತ್ತಿರಲಿಲ್ಲ. ಸಿದ್ಧತೆಗೆ ಗಂಟೆಗಟ್ಟಲೆ, ಚಿತ್ರಕ್ಕೆ ಒಂದು ಕ್ಷಣ. ರೈಲು ಹಾದುಹೋದ ಮೇಲೆ ಕೈ ಹಿಸುಕಿಕೊಂಡು ಪ್ರಯೋಜನವಿಲ್ಲ.

ಈ ಸಂಗ್ರಹವನ್ನು ರೈಲುಪ್ರಿಯರ ಪಾಲಿಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಏಕೆಂದರೆ ಇಲ್ಲಿನ ಒಳ್ಳೆಯ ಚಿತ್ರಗಳಲ್ಲಿ ರೈಲು ಹಿನ್ನೆಲೆಗೆ ಸರಿದು, ಊರಿನವರ ದಿನನಿತ್ಯದ ಬಾಳು ಮುಂದೆ ಬಂದಿದೆ.

1955ರಲ್ಲಿ ಲಿಥಿಯಾ ಎಂಬಲ್ಲಿ ತೆಗೆದ ಚಿತ್ರವನ್ನೇ ನೋಡಿ. ಅದು ಒಂದು ಮನೆಯ ನಡುಮನೆ. ಹೆಂಗಸೊಬ್ಬಳು ಕುರ್ಚಿಯಲ್ಲಿ ಕುಳಿತಿದ್ದಾಳೆ, ಕಿಟಕಿಯ ಹತ್ತಿರ ಒಬ್ಬ ಹುಡುಗ. ಗಾಜಿನ ಆಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ ರೈಲು. ಹೆಂಗಸಿನ ಮುಖದಲ್ಲಿ ಗಾಬರಿಯಿಲ್ಲ, ಬೆರಗೂ ಇಲ್ಲ. ಗಡಿಯಾರದ ಸದ್ದಿಗೆ ಒಗ್ಗಿಕೊಂಡ ಹಾಗೆ ಆ ಮನೆ ರೈಲಿಗೆ ಒಗ್ಗಿಹೋಗಿದೆ. ಒಳಗಿನ ಕೋಣೆ, ಹೊರಗಿನ ರೈಲು ಎರಡೂ ಒಂದೇ ಹದದಲ್ಲಿ ಕಾಣಬೇಕಾದರೆ ಎರಡೂ ಕಡೆ ದೀಪ ಇಟ್ಟು ಲೆಕ್ಕ ಹಾಕಿರಬೇಕು. ಚಿತ್ರ ನೋಡುವಾಗ ಆ ಲೆಕ್ಕಾಚಾರ ತಲೆಗೆ ಬರುವುದೇ ಇಲ್ಲ.

ವೆಸ್ಟ್ ವರ್ಜೀನಿಯಾದ ಯೇಗರ್‌ನಲ್ಲಿ 1956ರ ಆಗಸ್ಟ್‌ನಲ್ಲಿ ತೆಗೆದದ್ದು ಇನ್ನೂ ಹೆಸರುವಾಸಿ. ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಟಾಕೀಸು. ಎದುರಿಗೆ ಚಾವಣಿ ತೆರೆದ ಕಾರಿನಲ್ಲಿ ಒಂದು ಜೋಡಿ, ಪರದೆಯ ಮೇಲೆ ಜೆಟ್ ವಿಮಾನ, ಅದರ ಪಕ್ಕದಲ್ಲೇ ಉಗಿ ಚೆಲ್ಲುತ್ತ ಓಡುವ ಗೂಡ್ಸ್ ರೈಲು. ಜೋಡಿ ಕೂತಿರುವ ಬ್ಯುಯಿಕ್ ಕಾರು ಲಿಂಕ್ ಅವರದೇ. 40ಕ್ಕೂ ಹೆಚ್ಚು ಬಲ್ಬು ಒಟ್ಟಿಗೆ ಹೊತ್ತಿದಾಗ ಪರದೆ ಬೆಳ್ಳಗೆ ಬಿಳಿಚಿಕೊಂಡಿತ್ತು. ವಿಮಾನವನ್ನು ಇನ್ನೊಂದು ನೆಗೆಟಿವ್‌ನಿಂದ ಡಾರ್ಕ್‌ರೂಮಿನಲ್ಲಿ ಸೇರಿಸಿದರು.

ಹೀಗೆ ಜನರನ್ನು ಕೂರಿಸಿ, ಕಾರು ನಿಲ್ಲಿಸಿ, ವಿಮಾನ ಸೇರಿಸಿ ಮಾಡಿದ್ದನ್ನು ದಾಖಲೆ ಎನ್ನಬಹುದೇ? ಎನ್ನಬಹುದು ಎಂದೇ ನನ್ನ ವಾದ. ಇನ್ನೊಂದು ಚಿತ್ರದಲ್ಲಿ, ಲೂರೇ ಎಂಬ ಊರಿನ ಹಳ್ಳದಲ್ಲಿ ಈಜುವ ಮಕ್ಕಳಿಗೆ ಅಲ್ಲಾಡಬೇಡಿ ಎಂದು ಹೇಳಿರಬಹುದು, ಆದರೆ ಹಳ್ಳವೂ ಮೇಲಿನ ಸೇತುವೆಯೂ ಆ ಊರಿನವೇ. ವೆಸೂವಿಯಸ್ ಎಂಬ ಊರಿನ ಚಿತ್ರದಲ್ಲಿರುವ ಕೈಪಂಪಿನ ಪೆಟ್ರೋಲ್ ಬಂಕನ್ನು ಯಾರೂ ಸೆಟ್ ಹಾಕಿ ಕಟ್ಟಿದ್ದಲ್ಲ. ಕ್ಯಾಮೆರಾಕ್ಕೆಂದು ನಿಂತ ಮಾತ್ರಕ್ಕೆ ಬದುಕು ಸುಳ್ಳಾಗುವುದಾದರೆ, ನಮ್ಮ ಹಜಾರಗಳಲ್ಲಿ ಕಟ್ಟು ಹಾಕಿ ತೂಗುಬಿಟ್ಟ ಸ್ಟುಡಿಯೋ ಫೋಟೋಗಳನ್ನೆಲ್ಲ ಇಳಿಸಬೇಕಾದೀತು.

ಇವು ಪೂರ್ತಿ ಸತ್ಯ ಎಂದಲ್ಲ. ಆಗಿನ ವರ್ಜೀನಿಯಾದಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರೆ ಇಡುವ ಕಾನೂನುಗಳು ಜಾರಿಯಲ್ಲಿದ್ದವು. ಕಲ್ಲಿದ್ದಲಿನ ಕಣಿವೆಗಳಲ್ಲಿ ಗಣಿ ಕೆಲಸದವರ ಪಾಡು ಸುಖದ್ದಾಗಿರಲಿಲ್ಲ. ಲಿಂಕ್ ಆ ಕಥೆ ಹೇಳಲು ಹೋದವರಲ್ಲ. ಅವರಿಗೆ ಬೇಕಾದದ್ದು ಕಳೆದುಹೋಗುತ್ತಿರುವ ಒಂದು ನೆಮ್ಮದಿಯ ಚಿತ್ರ. ನೋಡುವವರಿಗೆ ಇದು ನೆನಪಿರಬೇಕು.

ಚಿತ್ರಗಳು ತೆಗೆದ ಕೂಡಲೇ ಹೆಸರು ತಂದುಕೊಡಲಿಲ್ಲ. ಎಂಜಿನ್‌ಗಳ ಸದ್ದನ್ನೂ ಲಿಂಕ್ ಮುದ್ರಿಸಿಕೊಂಡಿದ್ದರು. ಮೊದಲು ಅವರಿಗೆ ಕೇಳುಗರು ಸಿಕ್ಕಿದ್ದು ಆ ಗ್ರಾಮಫೋನ್ ತಟ್ಟೆಗಳಿಂದ. ಚಿತ್ರಗಳನ್ನು ಮ್ಯೂಸಿಯಂಗಳು ಗಂಭೀರವಾಗಿ ನೋಡಿದ್ದು 1980ರ ದಶಕದಲ್ಲಿ. 1987ರಲ್ಲಿ ಮೊದಲ ಪುಸ್ತಕ ಬಂತು. 1999ರ ‘ಅಕ್ಟೋಬರ್ ಸ್ಕೈ’ ಚಿತ್ರದಲ್ಲಿ ಎಂಜಿನ್ ಚಾಲಕನ ಸಣ್ಣ ಪಾತ್ರದಲ್ಲಿ ಲಿಂಕ್ ಕಾಣಿಸಿಕೊಂಡರು. ರೋನೋಕ್‌ನ ಮ್ಯೂಸಿಯಂ ತೆರೆಯುವ ಮೊದಲೇ, 2001ರ ಜನವರಿಯಲ್ಲಿ ತೀರಿಕೊಂಡರು.

ವಾಷಿಂಗ್ಟನ್ ಸುತ್ತಮುತ್ತ ಕನ್ನಡಿಗರ ಸಂಸಾರಗಳು ಸಾಕಷ್ಟಿವೆ. ಅಲ್ಲಿಗೆ ಮಗಳ ಮನೆಗೋ ಮಗನ ಮನೆಗೋ ಹೋಗುವವರು ರೋನೋಕ್‌ಗೆ ಒಂದೆರಡು ದಿನ ಎತ್ತಿಡಬಹುದು. 1979ರಲ್ಲಿ ನಿಂತುಹೋಗಿದ್ದ ಪ್ರಯಾಣಿಕರ ರೈಲು 2017ರ ಅಕ್ಟೋಬರ್‌ನಿಂದ ಮತ್ತೆ ಊರಿಗೆ ಬರುತ್ತಿದೆ. ವಾಷಿಂಗ್ಟನ್‌ನಿಂದ ಸುಮಾರು ಐದು ಗಂಟೆಯ ದಾರಿ. ಅದೇ ಊರಿನ ಸಾರಿಗೆ ವಸ್ತುಸಂಗ್ರಹಾಲಯಕ್ಕೆ ಸೇರಿದ, ಅಲ್ಲೇ 1950ರಲ್ಲಿ ತಯಾರಾದ 611 ಸಂಖ್ಯೆಯ ಉಗಿ ಎಂಜಿನ್ ಈಗಲೂ ಓಡುವ ಸ್ಥಿತಿಯಲ್ಲಿದೆ. ಆದರೆ ಎಂಜಿನ್ ನೋಡುವ ಮೊದಲು ಚಿತ್ರಗಳನ್ನು ನೋಡಿ, ಚಿತ್ರದಲ್ಲೂ ಎಂಜಿನ್‌ಗಿಂತ ಮೊದಲು ಮನುಷ್ಯರನ್ನು ನೋಡಿ.