ಬ್ರೌಸರಿನಲ್ಲಿ ಆ್ಯಪ್ ಪರೀಕ್ಷೆ

ಹೈಬ್ರಿಡ್ ಆ್ಯಪ್ ಎಂದರೆ ಆ್ಯಪ್‌ನ ಹೊದಿಕೆಯೊಳಗಿರುವ ಜಾಲಪುಟ. ಪರದೆಯ ಮೇಲಿನ ಗುಂಡಿ, ಪಟ್ಟಿ, ಅಕ್ಷರಗಳೆಲ್ಲ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದವು. ಅವನ್ನು ತೋರಿಸುವುದು ಫೋನಿನಲ್ಲೇ ಇರುವ ವೆಬ್‌ವ್ಯೂ ಎಂಬ, ವಿಳಾಸಪಟ್ಟಿ ಇಲ್ಲದ ಬ್ರೌಸರ್. ಕ್ಯಾಮೆರಾ, ಫೈಲುಗಳಂಥ ಫೋನಿನ ಸ್ವಂತ ಸೌಲಭ್ಯ ಬೇಕಾದಾಗ ಮಾತ್ರ ಜಾವಾಸ್ಕ್ರಿಪ್ಟ್ ಪ್ಲಗಿನ್ ಮೂಲಕ ಫೋನನ್ನು ಕೇಳುತ್ತದೆ. 2008ರಲ್ಲಿ ಫೋನ್‌ಗ್ಯಾಪ್ ಎಂದು ಹುಟ್ಟಿ, 2011ರಲ್ಲಿ ಅಡೋಬಿ ಕೈಸೇರಿ, ಅಲ್ಲಿಂದ ಅಪಾಚೆ ಕಾರ್ಡೋವಾ ಎಂಬ ಮುಕ್ತ ತಂತ್ರಾಂಶವಾದದ್ದು ಇಂಥ ಆ್ಯಪ್‌ಗಳ ಹಳೆಯ ಅಡಿಪಾಯ. ಒಳಗಿರುವುದು ಜಾಲಪುಟವೇ ಆದ್ದರಿಂದ ಅದನ್ನು ಕಂಪ್ಯೂಟರಿನ ಬ್ರೌಸರಿನಲ್ಲೇ ತೆರೆದು ಪರೀಕ್ಷಿಸಬಹುದು. ಒಂದು ಸಾಲು ತಿದ್ದಿ ಉಳಿಸಿದರೆ ಫಲ ಕೂಡಲೇ ಕಾಣುತ್ತದೆ.

ದೀಕ್ಷಾ ಇದಕ್ಕೆ ಒಳ್ಳೆಯ ಉದಾಹರಣೆ. ಕೇಂದ್ರ ಸರ್ಕಾರ 2017ರ ಸೆಪ್ಟೆಂಬರ್ 5ರಂದು ಆರಂಭಿಸಿದ ಈ ಶಿಕ್ಷಣ ವೇದಿಕೆ ನಿಂತಿರುವುದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ರೂಪಿಸಿದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ. ಸನ್‌ಬರ್ಡ್‌ನ ಮೊಬೈಲ್ ಆ್ಯಪ್ ಕಾರ್ಡೋವಾ ಮತ್ತು ಅಯಾನಿಕ್ ಎಂಬ ಚೌಕಟ್ಟು ಬಳಸಿ ಕಟ್ಟಿದ ಹೈಬ್ರಿಡ್ ಆ್ಯಪ್. ಅದು ಮೊದಲು ಕೇಳುವುದು ಮಂಡಳಿ, ಮಾಧ್ಯಮ, ತರಗತಿ. ಕರ್ನಾಟಕಕ್ಕೆ ಹೊಂದಿಕೊಂಡ ಆಂಧ್ರದ ರಾಯದುರ್ಗ, ಮಡಕಶಿರ ಸೀಮೆಯ ಕನ್ನಡ ಮಾಧ್ಯಮದ ಮಗುವಿನ ಉತ್ತರ ಇಲ್ಲಿ ವಿಶಿಷ್ಟ: ಮಂಡಳಿ ಆಂಧ್ರಪ್ರದೇಶದ್ದು, ಮಾಧ್ಯಮ ಕನ್ನಡ. ಬೆಂಗಳೂರಿನಲ್ಲಿ ಕೂತು ಪರೀಕ್ಷಿಸುವವರಿಗೆ ಕನ್ನಡವೆಂದರೆ ಕರ್ನಾಟಕ, ಆಂಧ್ರವೆಂದರೆ ತೆಲುಗು ಎಂಬ ಜೋಡಿಯೇ ಮೊದಲು ಹೊಳೆಯುವುದು ಸಹಜ. ಗಡಿಯ ಮಗುವಿನ ಆಯ್ಕೆಯನ್ನು ಪರೀಕ್ಷಾಪಟ್ಟಿಯಲ್ಲಿ ಬರೆದೇ ಇಡಬೇಕು. ಅಂಥ ಎಲ್ಲ ಜೋಡಣೆಗಳನ್ನೂ ಒಂದಾದ ಮೇಲೊಂದು ನೋಡಲು ಬ್ರೌಸರಿಗಿಂತ ಅನುಕೂಲದ ಜಾಗವಿಲ್ಲ.

ಸ್ಥಳದ ವಿಷಯವೂ ಹಾಗೆಯೇ. ಕ್ರೋಮ್ ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ಅಕ್ಷಾಂಶ, ರೇಖಾಂಶ ತುಂಬಿದರೆ ಪುಟವು ತಾನು ಅಲ್ಲೇ ಇರುವೆನೆಂದು ನಂಬುತ್ತದೆ. ರಾಯದುರ್ಗಕ್ಕೆ ಸುಮಾರು 14.7 ಉತ್ತರ, 76.9 ಪೂರ್ವ, ಮಡಕಶಿರಕ್ಕೆ 13.9 ಉತ್ತರ, 77.3 ಪೂರ್ವ. ಮಡಕಶಿರ ಸೀಮೆ ಕರ್ನಾಟಕದೊಳಕ್ಕೆ ಚಾಚಿಕೊಂಡಿರುವುದರಿಂದ ಅಂಕಿಯನ್ನು ಕೊಂಚ ಸರಿಸಿದರೂ ರಾಜ್ಯ ಬದಲಾಗುತ್ತದೆ. ಸ್ಥಳ ನೋಡಿ ಭಾಷೆಯನ್ನೋ ಜಿಲ್ಲೆಯನ್ನೋ ಊಹಿಸುವ ಆ್ಯಪ್ ಎಡವುವುದು ಇಲ್ಲಿಯೇ. ಅನಂತಪುರದಿಂದ ಬೇರ್ಪಟ್ಟ ಶ್ರೀ ಸತ್ಯಸಾಯಿ ಜಿಲ್ಲೆಗೆ 2022ರ ಏಪ್ರಿಲ್‌ನಲ್ಲಿ ಮಡಕಶಿರ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹಳೆಯ ಜಿಲ್ಲಾಪಟ್ಟಿ ಇಟ್ಟುಕೊಂಡ ಆ್ಯಪ್ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ನೆಟ್‌ವರ್ಕ್ ನಿಧಾನಗೊಳಿಸಿ, ಪೂರ್ತಿ ಕಡಿದು ನೋಡುವುದೂ ಡೆವಲಪರ್ ಟೂಲ್ಸ್‌ನಲ್ಲಿಯೇ ಸಾಧ್ಯ.

ಎರಡು ಲಿಪಿಗಳ ಸೀಮೆಯಲ್ಲಿ ಅಕ್ಷರಗಳ ಪರೀಕ್ಷೆಗೆ ಹೆಚ್ಚಿನ ತೂಕವಿದೆ. ಯೂನಿಕೋಡ್‌ನಲ್ಲಿ ತೆಲುಗು, ಕನ್ನಡಕ್ಕೆ ಅಕ್ಕಪಕ್ಕದ ಮನೆಗಳು, ತಲಾ 128 ಸ್ಥಾನ. ‘ರ’ ಎರಡರಲ್ಲೂ ಕಣ್ಣಿಗೆ ಒಂದೇ ತೆರ ಕಂಡರೂ ಸಂಕೇತ ಬೇರೆ. ತೆಲುಗು ಕೀಲಿಮಣೆಯಿಂದ ಒತ್ತಿದ ಒಂದಕ್ಷರ ಹೆಸರಿನೊಳಗೆ ನುಸುಳಿದರೆ ಹುಡುಕಾಟ ಬರಿಗೈಯಲ್ಲಿ ಮರಳುತ್ತದೆ. ಇದನ್ನು ಪತ್ತೆಹಚ್ಚಲು ಫೋನು ಬೇಡ. ಅಕ್ಷರದ ಆಕಾರದ ಮಾತು ಬೇರೆ: ವಿಂಡೋಸ್ ಕನ್ನಡವನ್ನು ನಿರ್ಮಲಾ ಫಾಂಟ್‌ನಲ್ಲಿ ತೋರಿಸಿದರೆ ಆಂಡ್ರಾಯ್ಡ್ ಸಾಮಾನ್ಯವಾಗಿ ನೋಟೋ ಫಾಂಟ್‌ನಲ್ಲಿ ತೋರಿಸುತ್ತದೆ. ಇಂಗ್ಲಿಷಿಗೆಂದು ಎತ್ತರ ಗೊತ್ತುಮಾಡಿದ ಗುಂಡಿಯಲ್ಲಿ ಒತ್ತಕ್ಷರದ ತಳ ಕತ್ತರಿಸಿಹೋಗಿರುವುದು ಕಂಪ್ಯೂಟರಿನಲ್ಲಿ ಕಾಣದೆ ಫೋನಿನಲ್ಲಿ ಕಾಣಬಹುದು.

ಪ್ಲಗಿನ್‌ಗಳ ಹತ್ತಿರ ಬ್ರೌಸರಿನ ಶಕ್ತಿ ಮುಗಿಯುತ್ತದೆ. ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಫೋನು ಓದುತ್ತದೆ. ಬ್ರೌಸರಿನಲ್ಲಿ ಆ ಪ್ಲಗಿನ್ ಇರುವುದಿಲ್ಲ, ಕರೆ ನಿಷ್ಫಲ. ಕಾರ್ಡೋವಾದ ಬ್ರೌಸರ್ ಆವೃತ್ತಿ ಕೆಲವು ಪ್ಲಗಿನ್‌ಗಳಿಗೆ ಬದಲಿ ಒದಗಿಸುತ್ತದೆ. ಉಳಿದವಕ್ಕೆ ಪರೀಕ್ಷಕರೇ ಒಂದು ಅಣಕು ಪ್ಲಗಿನ್ ಬರೆದು, ಕ್ಯೂಆರ್ ಜೊತೆ ಅಚ್ಚಾಗುವ 6 ಅಕ್ಷರಗಳ ಸಂಕೇತವನ್ನು ಅದರಿಂದ ಕೊಡಿಸುತ್ತಾರೆ. ಅಣಕು ಪ್ಲಗಿನ್ ಸದಾ ಯಶಸ್ಸನ್ನೇ ಮರಳಿಸಿದರೆ ಪ್ರಯೋಜನ ಅರ್ಧ ಮಾತ್ರ. ಕ್ಯಾಮೆರಾಗೆ ಅನುಮತಿ ನಿರಾಕರಿಸಿದ್ದು, ಹರಿದ ಪುಟದ ಕೋಡ್ ಓದಲಾಗದ್ದು ಕೂಡ ಅದರಿಂದ ಬರಬೇಕು.

ಬ್ರೌಸರಿಗೆ ಇನ್ನೊಂದು ಮಿತಿಯೂ ಇದೆ: ಡೆವಲಪರ್ ಟೂಲ್ಸ್‌ನಲ್ಲಿ ‘ಐಫೋನ್’ ಎಂದು ಆರಿಸಿದರೆ ಬದಲಾಗುವುದು ಮುಖ್ಯವಾಗಿ ಪರದೆಯ ಅಳತೆ ಮತ್ತು ಬ್ರೌಸರ್ ಹೇಳಿಕೊಳ್ಳುವ ಗುರುತು. ಒಳಗಿನ ಎಂಜಿನ್ ಕ್ರೋಮ್‌ನದೇ. ಆಂಡ್ರಾಯ್ಡ್ ವೆಬ್‌ವ್ಯೂ 2013ರ 4.4ನೇ ಆವೃತ್ತಿಯಲ್ಲಿ ಕ್ರೋಮಿಯಂ ಆಧಾರಿತವಾಯಿತು, 2014ರ 5.0ರಿಂದ ಪ್ಲೇ ಸ್ಟೋರ್ ಮೂಲಕ ಪ್ರತ್ಯೇಕವಾಗಿ ನವೀಕರಣಗೊಳ್ಳತೊಡಗಿತು. ನವೀಕರಿಸದ ಅಗ್ಗದ ಫೋನಿನಲ್ಲಿ ಹೊಸ ಜಾವಾಸ್ಕ್ರಿಪ್ಟ್ ಮುಗ್ಗರಿಸಬಹುದು, ಮೆಮೊರಿ ಸಾಲದೆ ಆ್ಯಪ್ ಮುಚ್ಚಿಕೊಳ್ಳಬಹುದು, ಕೀಲಿಮಣೆ ಎದ್ದು ಬರೆಯುವ ಜಾಗವನ್ನೇ ಮುಚ್ಚಬಹುದು. ಇವನ್ನು ನೋಡಲು ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟ ತೆರೆಯಬೇಕು. ಆ್ಯಪ್‌ನಲ್ಲಿ ದೋಷಶೋಧನೆಗೆ ಅನುಮತಿ ಕೊಟ್ಟಿದ್ದರೆ ಫೋನಿನ ವೆಬ್‌ವ್ಯೂನಲ್ಲಿ ನಡೆಯುವುದೆಲ್ಲ ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಕಾಣುತ್ತದೆ. ಐಫೋನಿಗೆ ಇದೇ ಕೆಲಸವನ್ನು ಮ್ಯಾಕ್ ಕಂಪ್ಯೂಟರಿನ ಸಫಾರಿ ಮಾಡುತ್ತದೆ.