ಬಚ್ಚಲೊಲೆಯೂ ಅದರ ಹೊಗೆಗೂಡೂ

ಇಂದಿರಾನಗರದಂತಹ ಬಡಾವಣೆಯಲ್ಲಿ ಸೌದೆಯ ಒಲೆಯ ಪ್ರಸ್ತಾಪವೇ ಎಂದು ವಾಚಕಮಹಾಶಯರಲ್ಲಿ ಕೆಲವರು ನಗಬಹುದು. ಅಡುಗೆಮನೆಯಲ್ಲಿ ಗ್ಯಾಸೂ ಬಚ್ಚಲಿನಲ್ಲಿ ವಿದ್ಯುತ್ತೂ ನೆಲಸಿ ಬಹುಕಾಲವಾಯಿತು, ಇದು ನಿಜ. ಆದರೂ ನಮ್ಮ ಮನೆಯಂತೆ ಹಳೆಯ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ತಾಮ್ರದ ಹಂಡೆ ಉಳಿದುಕೊಂಡಿದೆ. ನಮ್ಮ ಮಾತೃಶ್ರೀಯವರಿಗೆ ಎಂಬತ್ತನಾಲ್ಕು ವರ್ಷ ವಯಸ್ಸು. ಸೌದೆಯಲ್ಲಿ ಕಾದ ನೀರಲ್ಲದೆ ಬೇರೆ ನೀರು ಮೈಗೆ ಹಿಡಿಯದೆಂಬುದು ಅವರ ದೃಢವಾದ ನಂಬಿಕೆ. ಹಿರಿಯರ ಈ ಒಂದು ಅಪೇಕ್ಷೆಯನ್ನು ನಡೆಸಿಕೊಡುವುದು ನಮಗೂ ಸಂತೋಷದ ಸಂಗತಿಯೇ. ಆದರೆ ನಡೆಸಿಕೊಡುವವರು ಒಲೆಯನ್ನು ಹೊತ್ತಿಸಿದರೆ ಸಾಲದು, ಅದನ್ನು ಕಾಯಲೂ ಬೇಕು. ಈ ಪಾಠವನ್ನು ನಾವು ಭಯದಿಂದ ಕಲಿತೆವು.

ಕಳೆದ ಮಾರ್ಗಶಿರ ಮಾಸದ ಒಂದು ಮುಂಜಾನೆ ಒಲೆ ಎಂದಿಗಿಂತ ಹೆಚ್ಚಾಗಿ ಹೊಗೆಯುಗುಳಿತು. ಸೌದೆ ಹಸಿಯಾಗಿದೆಯೆಂದು ಬಗೆದು ಕಿಟಕಿಯನ್ನು ತೆರೆದಿಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಹೊಗೆ ಅಡಗಿ ಒಲೆಯ ತುಂಬ ಕೆಂಡ ನಿಗಿನಿಗಿಯಾಯಿತು. ಅಮ್ಮನವರು ಸ್ನಾನಕ್ಕೆ ಹೋಗಿ, ಚಳಿಯೆಂದು ಕಿಟಕಿಯನ್ನೂ ಬಾಗಿಲನ್ನೂ ಮುಚ್ಚಿಕೊಂಡರು. ಎಷ್ಟು ಹೊತ್ತಾದರೂ ನೀರಿನ ಸದ್ದು ಕೇಳಿಸದಿರಲು, ನಮ್ಮ ಸೊಸೆ ಬಾಗಿಲನ್ನು ತಟ್ಟಿದಳು, ಉತ್ತರವಿಲ್ಲ. ಪುಣ್ಯವಶಾತ್ ಅಗುಳಿ ಹಾಕಿರಲಿಲ್ಲ. ಒಳಹೊಕ್ಕು ನೋಡಿದರೆ ಅಮ್ಮನವರು ಗೋಡೆಗೊರಗಿ ಕುಳಿತುಬಿಟ್ಟಿದ್ದರು. ಕೂಡಲೇ ಹೊರಗಿನ ಗಾಳಿಗೆ ಕರೆತಂದು ಆಸ್ಪತ್ರೆಗೆ ಸಾಗಿಸಲಾಗಿ, ಅಲ್ಲಿ ಆಮ್ಲಜನಕವನ್ನು ಕೊಟ್ಟರು. ಸಂಜೆಯ ವೇಳೆಗೆ ತಲೆನೋವೊಂದುಳಿದು ಮಿಕ್ಕದ್ದೆಲ್ಲ ಸರಿಹೋಯಿತು.

ಮರುದಿನ ಹೊಗೆಗೂಡಿನ ಕೊಳವೆಯನ್ನು ಬಿಚ್ಚಿಸಿದೆವು. ಮೊಣಕೈಯಂತೆ ಬಾಗಿದೆಡೆಯಲ್ಲಿ ಮಸಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ತುದಿಯಲ್ಲಿ ಹಕ್ಕಿಯೊಂದು ಗೂಡು ಕಟ್ಟಿತ್ತು. ಎರಡು ವರ್ಷದಿಂದ ನಾವು ಅದನ್ನು ತಲೆಯೆತ್ತಿ ನೋಡಿಯೂ ಇರಲಿಲ್ಲ. ಅಪರಾಧ ಹಕ್ಕಿಯದಲ್ಲ, ನಮ್ಮದು.

ನಾವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ತರ್ಕಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವ ಕ್ರಮಕ್ಕೆ ಅಡುಗೆಮನೆಯೇ ದೃಷ್ಟಾಂತ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಇದಕ್ಕೆ ಕಾದ ಕಬ್ಬಿಣದ ಗುಂಡನ್ನು ಶಾಸ್ತ್ರಕಾರರು ತೋರಿಸುತ್ತಾರೆ. ಇದನ್ನು ಎಷ್ಟೋ ಸಲ ವಿವರಿಸಿದ ನಾವೇ, ಹೊಗೆ ನಿಂತಿತು, ಆದಕಾರಣ ಅಪಾಯವೂ ನಿಂತಿತು ಎಂದು ಬಗೆದೆವಲ್ಲವೆ! ಹೊಗೆಯಿಲ್ಲದ ಕೆಂಡದಿಂದಲೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹೇರಳವಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಹಿಡಿದುಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯು ದಕ್ಕುವುದಿಲ್ಲ. ತಲೆನೋವು, ತಲೆಸುತ್ತು, ಓಕರಿಕೆಗಳು ಅದರ ಮೊದಲ ಚಿಹ್ನೆಗಳು. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟುಕೊಂಡು ಮಲಗುವುದು ಈ ಕಾರಣದಿಂದಲೇ ಸರ್ವಥಾ ಕೂಡದು.

ಹೊಗೆಗೂಡಿನ ಕೆಲಸ ಸರಳವಾದದ್ದು. ಕಾದ ಗಾಳಿ ಹಗುರವಾಗಿ ಮೇಲಕ್ಕೇರುತ್ತದೆ. ಅದು ತೆರವು ಮಾಡಿದ ಎಡೆಗೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಈ ಸೆಳೆತ ಇರುವವರೆಗೆ ಹೊಗೆ ಮನೆಯೊಳಕ್ಕೆ ಮರಳದು. ಕೊಳವೆ ಕಟ್ಟಿದರೂ, ಕೋಣೆಗೆ ಹೊಸ ಗಾಳಿ ಬರುವ ದಾರಿ ಮುಚ್ಚಿದರೂ ಸೆಳೆತ ಕೆಡುತ್ತದೆ. ನಮ್ಮ ಬಚ್ಚಲಿನಲ್ಲಿ ಎರಡೂ ಒಟ್ಟಿಗೆ ಸಂಭವಿಸಿದವು. ಇದಲ್ಲದೆ ಹಸಿ ಸೌದೆಯನ್ನು ಸುಟ್ಟರೆ ಅದರ ಆವಿಯೂ ಅರೆಬೆಂದ ಹೊಗೆಯೂ ತಣ್ಣನೆಯ ಕೊಳವೆಗೆ ತಗುಲಿ, ಡಾಂಬರಿನಂತಹ ಜಿಗುಟಾಗಿ ಅಂಟಿಕೊಳ್ಳುತ್ತವೆ. ಇದು ಬರಿಯ ಇಲ್ಲಣವಲ್ಲ, ಉರಿಯುವ ಪದಾರ್ಥ. ಒಂದು ಕಿಡಿ ತಾಕಿದರೆ ಕೊಳವೆಯೇ ಒಳಗಿನಿಂದ ಹೊತ್ತಿಕೊಂಡೀತು.

ಆದಕಾರಣ ಗೃಹಸ್ಥರು ಅನುಸರಿಸತಕ್ಕ ಕ್ರಮವನ್ನು ಹೇಳುತ್ತೇವೆ. ಸರ್ವೆಯಾಗಲಿ ಬೇರೆ ಮರವಾಗಲಿ, ಸೀಳಿ, ಮಳೆ ತಾಕದೆಡೆ ಆರು ತಿಂಗಳಾದರೂ ಒಣಗಿಸಬೇಕು. ತೆಂಗಿನ ಕರಟ, ಮಟ್ಟೆಗಳೂ ಚೆನ್ನಾಗಿ ಒಣಗಿರಬೇಕು. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ಕು ಮೊದಲಾದವುಗಳನ್ನು ಒಲೆಗೆ ಹಾಕಬಾರದು. ಬೆಂಕಿಯ ಮೇಲೆ ಸೀಮೆಯೆಣ್ಣೆಯನ್ನು ಸುರಿಯಕೂಡದು. ಹಂಡೆಯಲ್ಲಿ ನೀರು ತುಂಬಿದ ಬಳಿಕವೇ ಒಲೆ ಹೊತ್ತಿಸಬೇಕು. ಒಲೆ ಉರಿಯುವಾಗ ಕಿಟಕಿಯನ್ನು ತೆರೆದಿಡಬೇಕು. ವೃದ್ಧರು ಸ್ನಾನಕ್ಕೆ ಹೋಗುವ ಮುನ್ನ ಕೆಂಡವನ್ನು ಹೊರಗೆ ತೆಗೆಸುವುದು ಉತ್ತಮ. ತೆಗೆದ ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿ ಮನೆಯಿಂದ ದೂರವಿಡಬೇಕು. ಬೂದಿಯಡಿಯ ಕೆಂಡ ಒಂದೆರಡು ದಿನವೂ ಜೀವ ಹಿಡಿದಿರುವುದುಂಟು.

ಕೊಳವೆಯ ತುದಿ ಮಾಳಿಗೆಯಿಂದ 3 ಅಡಿಗೆ ಕಡಿಮೆಯಿಲ್ಲದಂತೆಯೂ, 10 ಅಡಿಯೊಳಗಿನ ಗೋಡೆ, ನೀರಿನ ತೊಟ್ಟಿಗಳಿಗಿಂತ 2 ಅಡಿ ಎತ್ತರವಾಗಿಯೂ ಇರಬೇಕು. ಪಕ್ಕದಲ್ಲಿ ನಾಲ್ಕಂತಸ್ತಿನ ಕಟ್ಟಡವೆದ್ದರೆ ಗಾಳಿ ಅದಕ್ಕೆ ಬಡಿದು ಹೊಗೆಯನ್ನು ಕೆಳಕ್ಕೊತ್ತಬಹುದು. ಈಗಿನ ಇಂದಿರಾನಗರದಲ್ಲಿ ಇದನ್ನು ಅವಶ್ಯವಾಗಿ ಗಮನಿಸತಕ್ಕದ್ದು. ತುದಿಗೆ ಹಕ್ಕಿ ಹೊಗದಂತೆ ತಂತಿಯ ಬಲೆಯನ್ನೂ ಮಳೆಗೆ ಟೋಪಿಯನ್ನೂ ಇಡಿಸಬೇಕು. ಬಲೆಗೂ ಮಸಿ ಕಟ್ಟುವುದರಿಂದ ಅದನ್ನು ಆಗಾಗ್ಗೆ ತಿಕ್ಕಬೇಕು. ದಿನವೂ ಉರಿಯುವ ಒಲೆಯ ಕೊಳವೆಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಒಳಗಿನ ಮಸಿ ಅರ್ಧ ಕಾಲಂಗುಲ ದಪ್ಪವಾಗುವುದಕ್ಕೆ ಮೊದಲೇ ಉದ್ದನೆಯ ಕುಂಚದಿಂದ ಉಜ್ಜಿ ತೆಗೆಯಬೇಕು. ಕಲ್ನಾರಿನ ಹಳೆಯ ಕೊಳವೆಯಾದರೆ ಅದನ್ನು ಉಜ್ಜುವುದಾಗಲಿ ಕೊಯ್ಯುವುದಾಗಲಿ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಮಹಾವಿಷ. ಬಲ್ಲವರಿಂದ ಬದಲಾಯಿಸಿಕೊಳ್ಳುವುದೇ ಸರಿ. ಕೊಳವೆ ಹೊತ್ತಿಕೊಂಡು ಮೊರೆಯತೊಡಗಿದರೆ ಅದಕ್ಕೆ ನೀರು ಸುರಿಯದೆ, ಒಲೆಯ ಬಾಯನ್ನು ಮುಚ್ಚಲು ಸಾಧ್ಯವಾದರೆ ಮುಚ್ಚಿ, ಮನೆಯವರೆಲ್ಲ ಹೊರಬಂದು ಅಗ್ನಿಶಾಮಕದವರನ್ನು ಕರೆಯಬೇಕು.

ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಹಳ್ಳಿಯ ಜನರಿಗೆ ಒದಗುವ ತಂತ್ರಗಳನ್ನು ರೂಪಿಸುವುದು ಅದರ ಗುರಿ. 1980ರ ದಶಕದಲ್ಲಿ ಅಲ್ಲಿಂದ ಹೊರಬಂದ ‘ಅಸ್ತ್ರ ಒಲೆ’ಗೆ ಮೂರು ಪಾತ್ರೆಗಳ ಎಡೆ, ಸೌದೆಯ ಕೆಳಗೆ ಸರಳುಗಳ ಜಾಲರಿ, ಹೊಗೆಗೆ ಕೊಳವೆ, ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ. ಆದರೆ ಎಂತಹ ಒಳ್ಳೆಯ ಒಲೆಯಾದರೂ ಆರೈಕೆಯಿಲ್ಲದಿದ್ದರೆ ವ್ಯರ್ಥ. ಒಡಿಶಾದ ಹಳ್ಳಿಗಳಲ್ಲಿ ಸುಧಾರಿತ ಒಲೆಗಳನ್ನು ಕುರಿತು ಎಸ್ತರ್ ಡುಫ್ಲೊ ಮೊದಲಾದವರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ವರ್ಷ ತಗ್ಗಿದ್ದ ಹೊಗೆಯ ಸೇವನೆ ಬಳಿಕ ತಗ್ಗಿದಂತೆ ಕಾಣಲಿಲ್ಲ. ಜನರು ಒಲೆಗಳನ್ನು ಸರಿಯಾಗಿ ಬಳಸದೆ, ದುರಸ್ತಿ ಮಾಡಿಸದೆ ಬಿಟ್ಟದ್ದೇ ಕಾರಣ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದನ್ನು ನೆನೆದರೆ ಒಂದು ಕುಂಚದ ಬೆಲೆ ಏನೆಂಬುದು ತಿಳಿದೀತು.

ಪೂರ್ವಿಕರು ಇದಕ್ಕೊಂದು ದಿನವನ್ನೇ ಗೊತ್ತುಮಾಡಿದ್ದರು. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಬೆಳಗಿ, ಬಚ್ಚಲನ್ನು ತೊಳೆದು, ಸುಣ್ಣ ಕೆಮ್ಮಣ್ಣುಗಳಿಂದ ಒಲೆಯನ್ನು ಸಾರಿಸಿ ಪೂಜಿಸುವ ಪದ್ಧತಿ. ಈ ವರ್ಷದಿಂದ ನಾವು ಆ ಪೂಜೆಗೆ ಒಂದು ಅಂಗವನ್ನು ಕೂಡಿಸಿದ್ದೇವೆ: ಮೊದಲು ಮಾಳಿಗೆಯೇರಿ ಹೊಗೆಗೂಡನ್ನು ಶುದ್ಧಮಾಡುವುದು, ಅನಂತರ ಹಂಡೆಗೆ ಹೂವೇರಿಸುವುದು. ಬಚ್ಚಲಿನ ಬಾಗಿಲಿನ ಅಗುಳಿಯನ್ನೂ ತೆಗೆಸಿಬಿಟ್ಟಿದ್ದೇವೆ. ಅಮ್ಮನವರು ಮೊದಲಿನಂತೆ ಬಿಸಿನೀರನ್ನು ಹುಯ್ದುಕೊಳ್ಳುತ್ತಾರೆ. ಕಿಟಕಿ ಮಾತ್ರ ತೆರೆದಿರುತ್ತದೆ. ಚಳಿಯೆಂದು ಅವರು ಗೊಣಗುವುದು ಕೇಳಿಸಿದಾಗಲೆಲ್ಲ ನಮಗೆ ಸಮಾಧಾನವಾಗುತ್ತದೆ.